ಮೂಲೆ ಹರಿದ ಕಾಗದದ ನೆರಳು

ನನ್ನ ಮೊಮ್ಮಗಳು ಹಳೆಯ ಕಾಗದದ ವಾಸನೆಗೆ ಹೆಸರು ಹುಡುಕಿ ತಂದಿದ್ದಾಳೆ. ಒಂದಲ್ಲ, ನಾಲ್ಕು! ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆ ನಾಲ್ಕು ಹೆಸರನ್ನೂ ಬಾಯಿಪಾಠ ಮಾಡಿ ಮೂರು ದಿನದಿಂದ ಓಣಿಯವರಿಗೆಲ್ಲ ಒಪ್ಪಿಸುತ್ತಿದ್ದೇನೆ. ಹಾಲು ಹಾಕುವವಳಿಗೂ ಬಿಡಲಿಲ್ಲ. ಅವಳು ಚೊಂಬು ಕೆಳಗಿಟ್ಟು, "ಏನ್ರಿ ಆಯಿ, ಡಾಕ್ಟರ್ ಹೊಸಾ ಗುಳಿಗಿ ಬರ್ದಾರೇನು?" ಎಂದು ಕೇಳಿದಳು. ಗುಳಿಗೆಯೇ ಅನ್ನಿ. ಎಪ್ಪತ್ತು ವರ್ಷದ ಉರಿಯ ಮೇಲೆ ತಣ್ಣಗೆ ಬಿದ್ದಿದೆ.

ಹುಡುಗಿ ರಸಾಯನಶಾಸ್ತ್ರ ಓದುತ್ತಾಳೆ. ಅವಳ ಕಾಲೇಜಿನಲ್ಲಿ ಹಳೆಯ ಹಾಳೆಯೊಂದನ್ನು ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟು, ಅದು ಬಿಡುವ ಉಸಿರನ್ನು ಯಂತ್ರಕ್ಕೆ ಕುಡಿಸುತ್ತಾರಂತೆ. ಉಸಿರಿನಲ್ಲಿ ಏನೇನಿದೆ ಎಂದು ಯಂತ್ರ ಬರೆದು ಕೊಡುತ್ತದಂತೆ.

"ಅಜ್ಜಿ, ಹಳೇ ಕಾಗದ ಗೋಧಿ ಹುಗ್ಗಿ ವಾಸ್ನಿ ಬರ್ತದ ಅಂತಿದ್ದಿ ನೋಡು, ಅದು ಖರೇನೇ ಅದ. ಅದಕ್ಕ ವೆನಿಲಿನ್ ಅಂತಾರ. ಹುಳಿ ಅಂತಿದ್ದೆಲ್ಲಾ, ಅದು ಅಸಿಟಿಕ್ ಆಮ್ಲ. ಕಹಿ ಬಾದಾಮಿ ವಾಸ್ನಿಗೆ ಬೆಂಜಾಲ್ಡಿಹೈಡ್. ಹೊಟ್ಟಿನ ವಾಸ್ನಿಗೆ ಫರ್ಫ್ಯೂರಾಲ್. ನೀ ಹೇಳಿದ್ದು ನಾಲ್ಕೂ ಬಂದಾವ."

"ಇನ್ನೊಮ್ಮೆ ಹೇಳು," ಎಂದೆ. ಹೇಳಿದಳು. ಮತ್ತೊಮ್ಮೆ ಹೇಳಿಸಿದೆ. ಆಮೇಲೆ ನನ್ನ ಸೋದರಮಾವನ ನೆನಪಾಯಿತು. ಅವನು ಸತ್ತು ಎಷ್ಟೋ ವರ್ಷವಾಯಿತು. ಆದರೂ ಅವನನ್ನು ಎಬ್ಬಿಸಿ, ಈ ನಾಲ್ಕು ಹೆಸರು ಅವನ ಕಿವಿಯಲ್ಲಿ ಹೇಳಿ, ಮತ್ತೆ ಮಲಗಿಸಬೇಕು ಎನ್ನಿಸಿತು. ಹಿಂದೆ ಐದು ಮಂದಿ ಹಿರಿಯರ ಮುಂದೆ ನನ್ನನ್ನು ನಾಯಿ ಎಂದವನು ಅವನು. ಮೂಸಿ ನೋಡುವ ನಾಯಿ.

ಏನಾಯಿತೆಂದು ಮೊದಲಿನಿಂದ ಬರೆಯುತ್ತೇನೆ.

ನಮ್ಮ ತಂದೆ ಸೇಡಂನವರು. ನಾನು ಐದು ತಿಂಗಳ ಕೂಸಿದ್ದಾಗ ತೀರಿಕೊಂಡರು. ಅವ್ವ ನನ್ನನ್ನು ಎತ್ತಿಕೊಂಡು ಚಿತ್ತಾಪುರಕ್ಕೆ ತನ್ನ ತಂದೆಯ ಬಳಿ ಬಂದಳು. ಅಜ್ಜನಿಗೆ ಎರಡು ಮನೆ ಇದ್ದವು. ದೊಡ್ಡದರಲ್ಲಿ ತಾನು ಮತ್ತು ಮಗ, ಅಂದರೆ ನನ್ನ ಮಾವ. ಸ್ಟೇಷನ್ನಿನ ಬಂಡಿದಾರಿಗೆ ಹತ್ತಿದ ಎರಡು ಅಂಕಣದ ಸಣ್ಣ ಮನೆ ಖಾಲಿ ಇತ್ತು. ಅದನ್ನು ಅಜ್ಜ ಅವ್ವನಿಗೆ ಕೊಟ್ಟ. ಬಾಯಿಮಾತಿನಲ್ಲಿ ಅಲ್ಲ, ಕಾಗದದ ಮೇಲೆ ತನ್ನ ಕೈಯಿಂದಲೇ ಬರೆದು ಕೊಟ್ಟ. ಅಂಗಡಿಯಲ್ಲಿ ಸಿಗುವ ಅಗ್ಗದ ಗಿರಣಿ ಕಾಗದದ ಅರ್ಧ ಹಾಳೆ. ಇಬ್ಬರು ಸಾಕ್ಷಿ.

ಬರೆದು ಮುಗಿಸಿ ಮಸಿ ಆರಲೆಂದು ಅಜ್ಜ ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದನಂತೆ. ಅವ್ವನ ತೊಡೆಯ ಮೇಲಿದ್ದ ನಾನು ಕೈಚಾಚಿ ಬಲಗಡೆಯ ಮೂಲೆ ಹರಿದು ಬಾಯಿಗೆ ಹಾಕಿಕೊಂಡೆನಂತೆ. ಅವ್ವ ಬೆರಳು ಹಾಕಿ ತೆಗೆಯುವಷ್ಟರಲ್ಲಿ ನುಂಗಿಯಾಗಿತ್ತು. ಅಜ್ಜ ನಕ್ಕು, "ಇರ್ಲಿ ಬಿಡ. ಮನಿ ಹ್ಯಾಂಗದ ಅಂತ ರುಚಿ ನೋಡ್ಯಾಳ," ಎಂದನಂತೆ. ಇದನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ನಾನು ಹಟ ಮಾಡಿದಾಗಲೆಲ್ಲ, "ಕಾಗದ ತಿಂದಾಕಿ ನೀನು," ಎಂದು ಬೈಯುತ್ತಿದ್ದಳು.

ಆ ಕಾಗದ ಅಜ್ಜನ ಪುರಾಣದ ಪುಸ್ತಕದೊಳಗೆ ಹೋಯಿತು. ನಮ್ಮ ಕಡೆ ಅದೊಂದು ಪದ್ಧತಿ. ಮನೆಯ ಮುಖ್ಯ ಕಾಗದಗಳನ್ನು ಪುರಾಣದ ಕೊನೆಯ ಅಧ್ಯಾಯದಲ್ಲಿ ಇಟ್ಟು, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ ಮೇಲೆ ಇಡುತ್ತಿದ್ದರು. ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಮಾತ್ರ ಗಂಟು ಬಿಚ್ಚುವುದು. ಶ್ರಾವಣದ ಕೊನೆಯ ದಿನ, ಕೊನೆಯ ಅಧ್ಯಾಯ ಓದುವಾಗ, ಕಾಗದ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಓದಿ, ಮಂಗಲವಾದ ಮೇಲೆ ಮತ್ತೆ ಅದೇ ಪುಟದಲ್ಲಿ ಇಡುತ್ತಿದ್ದರು. ನಡುವೆ ಬೇಕಾದರೆ ಐದು ಮಂದಿ ಹಿರಿಯರು ಕೂತಾಗಲೇ ಬಿಚ್ಚಬೇಕು. ಪುರಾಣದಿಂದ ಹೊರಬಂದ ಕಾಗದವನ್ನು ಸುಳ್ಳೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನ ಮಾವ ಬಳಸಿಕೊಂಡದ್ದು ಅದನ್ನೇ.

ನವಾಬರ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಅಜ್ಜ ಆ ವರ್ಷದ ಚಳಿಗಾಲದಲ್ಲಿ ತೀರಿಕೊಂಡ. ಮಾವನದು ಕಲ್ಲಿನ ವ್ಯಾಪಾರ. ಶಹಾಬಾದಿನ ಗಣಿಯಿಂದ ಹಾಸುಗಲ್ಲು ತರಿಸಿ ವಾಡಿಯಲ್ಲಿ ಗಾಡಿಗೆ ಹೇರಿಸುತ್ತಿದ್ದ. ಚಿತ್ತಾಪುರದಲ್ಲಿಯೂ ಕಲ್ಲು ಒಟ್ಟಲು ಬಂಡಿದಾರಿಯ ಪಕ್ಕ ಜಾಗ ಬೇಕಿತ್ತು. ಅವನ ಕಣ್ಣು ನಮ್ಮ ಎರಡು ಅಂಕಣದ ಮೇಲೆ ಬಿತ್ತು. ಅಜ್ಜನ ವರ್ಷಾಬ್ದಿಕವೂ ಆಗಿರಲಿಲ್ಲ, ಆಗಲೇ ಹಿರಿಯರನ್ನು ಕೂಡಿಸಿದ.

ನಡುವೆ ಮಠದ ಅಯ್ಯನವರು ಕೂತಿದ್ದರು. ಅವರ ಎರಡೂ ಕಡೆ ನಾಲ್ವರು. ಅಯ್ಯನವರು ಗಂಟು ಬಿಚ್ಚಿದರು, ಕೊನೆಯ ಅಧ್ಯಾಯ ತೆರೆದರು. ಕಾಗದ ಅಲ್ಲಿತ್ತು. ಆದರೆ ಅದು ಅರ್ಧ ಹಾಳೆಯಲ್ಲ, ಪೂರ್ತಿ ಹಾಳೆ. ನಾಲ್ಕೂ ಮೂಲೆ ನೆಟ್ಟಗೆ. ಹಳದಿಗೆ ತಿರುಗಿದ, ನೋಡಿದರೆ ಭಾರಿ ಹಳೆಯದೆನ್ನಿಸುವ ಕಾಗದ. ಎರಡೂ ಮನೆ ಮಗನಿಗೇ ಸೇರಬೇಕು, ಮಗಳು ಅವನ ಮರ್ಜಿಯ ಮೇಲೆ ಇರಬೇಕು ಎಂದು ಹದಿನಾರು ವರ್ಷದ ಹಿಂದಿನ ತಾರೀಖು ಹಾಕಿ ಬರೆದಿತ್ತು.

"ತಂಗೆವ್ವಾ, ನಾ ಎಂದಾದ್ರೂ ನಿನಗ ಬ್ಯಾಡ ಅಂದೀನೇನು?" ಎಂದ ಮಾವ, ಬೆಲ್ಲದಂಥ ದನಿಯಲ್ಲಿ. "ಆದ್ರ ಅಪ್ಪ ಬರ್ದಿದ್ದು ಮೀರ್ಲಿಕ್ಕಾಗ್ತದೇನು?"

ಅವ್ವ ಎದ್ದು ನಿಂತಳು. "ಇದು ಆ ಕಾಗದ ಅಲ್ರೀ ಅಯ್ಯನೋರ. ಅಪ್ಪ ಬರ್ದಿದ್ದು ಸಣ್ಣದಿತ್ತು. ಅದಕ್ಕ ಮೂಲಿ ಇದ್ದಿಲ್ಲ. ಈ ನನ್ನ ಮಗಳು ಕೂಸಿದ್ದಾಗ ಹರ್ದು ತಿಂದಾಳ."

"ಹೌದೇನು? ಹಂಗಾದ್ರ ಆ ಮೂಲಿ ತೋರ್ಸು," ಎಂದ ಮಾವ. "ಆಕಿ ಹೊಟ್ಯಾಗ ಅದ ಅಂತಿಯಲ್ಲ, ಕೈ ಹಾಕಿ ತಗೀಲೇನು?"

ಐವರಲ್ಲಿ ಮೂವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದಂಡೋತಿಯಿಂದ ಬಂದಿದ್ದ ಮುದುಕ. ಅವನ ನಗು ಕೆಮ್ಮಿಗೆ ತಿರುಗಿ, ಯಾರೋ ನೀರು ತಂದುಕೊಟ್ಟರು. ಸಾಕ್ಷಿಗಳಿಬ್ಬರೂ ಅದಾಗಲೇ ಸತ್ತಿದ್ದರು. ಪ್ರತಿ ಶ್ರಾವಣದಲ್ಲಿ ಆ ಕಾಗದವನ್ನು ನೋಡಿದವರು ಎಷ್ಟೋ ಮಂದಿ ಇದ್ದರು. ಆದರೆ ಪಕ್ಕಕ್ಕಿಡುವಾಗ ದೂರದಿಂದ ಕಾಣುವ ಒಂದು ಹಾಳೆ ಬಿಟ್ಟರೆ ಯಾರೂ ಏನೂ ಕಂಡಿರಲಿಲ್ಲ. ಪುರಾಣ ಓದುತ್ತಿದ್ದವನೂ ಹಾಳೆ ಕೈಗೆತ್ತಿಕೊಳ್ಳುತ್ತಿದ್ದವನೂ ಅಜ್ಜನೊಬ್ಬನೇ.

ಕಾಗದ ಕೈಯಿಂದ ಕೈಗೆ ಹೋಗುವಾಗ ನನ್ನ ಮುಂದೆ ಹಾದುಹೋಯಿತು. ನಾನು ಮೂಗು ಮುಂದೆ ಮಾಡಿದೆ. ಯಾಕೆ ಮಾಡಿದೆನೋ, ನನ್ನ ಮೂಗು ಯಾವಾಗಲೂ ಹಾಗೆಯೇ. ಚಹಾದ ವಾಸನೆ. ಅದರ ಹಿಂದೆ ತೊಗರಿಕಟ್ಟಿಗೆಯ ಹೊಗೆ.

"ಅವ್ವಾ, ಇದು ಚಹಾ ವಾಸ್ನಿ ಬರ್ಲಿಕತ್ತದ," ಎಂದೆ.

"ನೋಡ್ರಿ, ನೋಡ್ರಿ! ಮೂಸಿ ನೋಡಾಕ ನಾಯಿ ತಂದು ಕುಂದ್ರಿಸ್ಯಾಳ ನನ್ ತಂಗಿ," ಎಂದ ಮಾವ. ಈ ಸಲ ಐವರೂ ನಕ್ಕರು. ಅಯ್ಯನವರೂ ನಕ್ಕರು. ಒಳಗೆ ಯಾರೋ ಚಹಾ ಕುದಿಸುತ್ತಿದ್ದಾರೆಂದು ನಾನೇ ಸುಮ್ಮನಾದೆ.

ಮರುದಿನ ಬೆಳಿಗ್ಗೆ ಆಳುಗಳನ್ನು ಕರೆದುಕೊಂಡು ಬಂದ. ನಮ್ಮ ಗಡಿಗೆಗಳು, ತಾಮ್ರದ ಕೊಡ, ಕೌದಿ, ಎಲ್ಲ ಓಣಿಗೆ ಬಂದವು. ಬೀಸುವ ಕಲ್ಲನ್ನು ಮಾತ್ರ ತಾನೇ ಉರುಳಿಸಿಕೊಂಡು ಬಂದು ಹೊಸ್ತಿಲಿನಿಂದ ಕೆಳಗೆ ದೂಡಿದ. ಗೂಟ ಮುರಿಯಿತು. ಅವ್ವ ಅಳಲಿಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಲ್ಲ, ಅದಕ್ಕೆ. ಗೂಟದ ಚೂರನ್ನು ಸೆರಗಿಗೆ ಕಟ್ಟಿಕೊಂಡು, "ನಡಿ," ಎಂದಳು. ಅವತ್ತು ನಾನು ಮನಸ್ಸಿನಲ್ಲಿ ಒಂದು ಮಾತು ಆಡಿಕೊಂಡೆ. ಈ ಕಲ್ಲನ್ನು ಒಳಗೆ ತರುವವನೂ ಇವನೇ ಆಗಬೇಕು.

ನಮಗೆ ಆಸರೆ ಕೊಟ್ಟವನು ಬಜಾರದ ಪುಸ್ತಕ ಕಟ್ಟುವ ಚಾಚಾ. ಕಚೇರಿಯ ದಫ್ತರಗಳಿಗೆ ಜಿಲ್ದು ಕಟ್ಟುವ ಮುದುಕ. ರಾಜ್ಯ ಬದಲಾದ ಹೊತ್ತಿನಲ್ಲಿ ಅವನ ಅಂಗಡಿ ಆರು ತಿಂಗಳು ಮುಚ್ಚಿತ್ತು. ಮಗ ಊರು ಬಿಟ್ಟು ಹೋಗಿದ್ದ. ತೆರೆದ ಮೇಲೆ ಕೆಲಸ ಮೈಮೇಲೆ ಬಿತ್ತು, ಕೈ ಸಾಲಲಿಲ್ಲ. ಅಂಗಡಿಯ ಹಿಂದಿನ ತಗಡಿನ ಮಾಡಿನಲ್ಲಿ ಇರಲು ಜಾಗ ಕೊಟ್ಟು, ಅವ್ವನಿಗೆ ಹೊಲಿಯುವ ಕೆಲಸ, ನನಗೆ ಅಂಟು ಕುದಿಸುವ ಕೆಲಸ ಹಚ್ಚಿದ. ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಬೇಕು. ಹುಳ ಹತ್ತದಿರಲೆಂದು ಆ ವಿಷ. ನನ್ನ ಬೆರಳ ತುದಿಗಳು ಆರು ವರ್ಷ ಹಸಿರಾಗಿದ್ದವು.

ಚಾಚಾ ಯಾವ ದಫ್ತರ ಬಂದರೂ ತೆರೆಯುವ ಮೊದಲು ಮುಖಕ್ಕೆ ಹಿಡಿದು ಮೂಸುತ್ತಿದ್ದ. ಕೆಲಸ ಶುರುವಾಗುವುದೇ ಅಲ್ಲಿಂದ.

"ಬೇಟಿ, ಪೈಲೇ ಮೂಗು, ಆಮ್ಯಾಲ ಕಣ್ಣು," ಎನ್ನುತ್ತಿದ್ದ. "ಕಣ್ಣಿಗಿ ಯಾರ್ ಬೇಕಾದ್ರೂ ಟೋಪಿ ಹಾಕ್ತಾರ. ಮೂಗಿಗಿ ಹಾಕೋ ಟೋಪಿ ಇನ್ನಾ ಹೊಲ್ದಿಲ್ಲ."

ನನ್ನ ಮೂಗು ಅವನಿಗೆ ಹಿಡಿಸಿತು. ಕಣ್ಣು ಮುಚ್ಚಿಸಿ ಹಾಳೆಯ ಮೇಲೆ ಹಾಳೆ ಕೊಟ್ಟು ಕೇಳುತ್ತಿದ್ದ. ಚಿಂದಿ ಬಟ್ಟೆಯಿಂದ ಮಾಡಿದ ಕೈಕಾಗದಕ್ಕೆ ಒಗೆದು ಒಣಗಿಸಿದ ಅರಿವೆಯ ವಾಸನೆ. ಅದು ನೂರು ವರ್ಷ ಬಿದ್ದಿದ್ದರೂ ಹೆಚ್ಚು ಬದಲಾಗುವುದಿಲ್ಲ. ಕಟ್ಟಿಗೆಯಿಂದ ಮಾಡಿದ ಗಿರಣಿ ಕಾಗದದ ಮಾತೇ ಬೇರೆ. ಹೊಸದಿದ್ದಾಗ ಹಸಿ ಹೊಟ್ಟು, ಹತ್ತು ವರ್ಷಕ್ಕೆ ಗೋಧಿ ಹುಗ್ಗಿ, ಇನ್ನೂ ಹಳತಾದರೆ ಹುಗ್ಗಿ ಹುಳಿಯೊಡೆದ ಹಾಗೆ, ಹಿಂದೆ ಕಹಿ ಬಾದಾಮಿ ಅಗಿದ ಹಾಗೆ. ನಾಲ್ಕು ತಿಂಗಳಲ್ಲಿ ಹಾಳೆಯ ವಯಸ್ಸನ್ನು ಐದು ವರ್ಷದ ಒಳಗೆ ಹೇಳುವಷ್ಟಾದೆ. ಚಾಚಾ ಗಿರಾಕಿಗಳ ಮುಂದೆ ನನ್ನನ್ನು ನಿಲ್ಲಿಸಿ ಪಂದ್ಯ ಕಟ್ಟುತ್ತಿದ್ದ. ಸೋತವರು ನನಗೆ ಒಂದು ಬುಂದಿ ಲಾಡು ಕೊಡಬೇಕು. ಭಾಳ ಲಾಡು ತಿಂದೆ.

ಮಾವನ ಕಾಗದದ ಚಹಾ ವಾಸನೆಯ ಅರ್ಥ ಆಗ ತಿಳಿಯಿತು. ಹೊಸ ಹಾಳೆಯನ್ನು ಚಹಾ ನೀರಿನಲ್ಲಿ ಅದ್ದಿ, ಒಲೆಯ ಹೊಗೆಗೆ ಹಿಡಿದು ಹಳೆಯದು ಮಾಡಿದ್ದಾನೆ. ಅದರಲ್ಲಿ ಹುಗ್ಗಿಯೂ ಇರಲಿಲ್ಲ, ಹುಳಿಯೂ ಇರಲಿಲ್ಲ. ಆದರೆ ತಿಳಿದು ಮಾಡುವುದೇನು? ಹಿರಿಯರ ಮುಂದೆ ಮತ್ತೆ ಮೂಗು ತೆಗೆದುಕೊಂಡು ಹೋದರೆ ಮತ್ತೆ ನಗುತ್ತಾರೆ. ವಾಸನೆಯನ್ನು ಕೈಯಲ್ಲಿ ಹಿಡಿದು ತೋರಿಸಲಾಗುವುದಿಲ್ಲ.

ಬೇಸಿಗೆಯಲ್ಲಿ ಚಿಂಚೋಳಿ ಕಡೆಯಿಂದ ಒಂದು ಹಳೆಯ ಲೆಕ್ಕದ ವಹಿ ಬಂತು. ಗಟ್ಟಿ ಕೈಕಾಗದ, ಬೆಳ್ಳಗೆ ಇತ್ತು. ನಡುವೆ ಯಾರೋ ವರ್ತಮಾನ ಪತ್ರಿಕೆಯ ತುಂಡನ್ನು ಮಡಚಿ ಇಟ್ಟು ಮರೆತಿದ್ದರು. ನಾನು ಅದನ್ನು ಎತ್ತಿದೆ. ಕೆಳಗಿನ ಪುಟದಲ್ಲಿಯೂ ಎದುರಿನ ಪುಟದಲ್ಲಿಯೂ ಅದೇ ತುಂಡಿನ ಆಕಾರದಲ್ಲಿ ಕಂದು ಕಲೆ. ಅಳತೆ ಹಿಡಿದು ಕತ್ತರಿಸಿ ಅಂಟಿಸಿದಂತೆ.

"ಇದೇನ್ ಚಾಚಾ, ಸುಟ್ಟಂಗ ಆಗ್ಯಾದ?"

"ಸುಟ್ಟಿಲ್ಲ. ಅದು ಕಾಗದದ ಉಸ್ರು. ಹಲ್ಕಟ್ ಕಾಗದ ವರ್ಸಾನಗಟ್ಲೆ ಹುಳಿ ಉಸ್ರು ಬಿಟ್ಟು ಬಿಟ್ಟು ಬಾಜುದವನ ಮಾರಿ ಕರಿ ಮಾಡ್ತದ. ತೆಗೆದು ಒಗದ್ರೂ ನೆರಳು ಹೋಗಂಗಿಲ್ಲ."

ಒಲೆಯ ಮೇಲೆ ಅಂಟು ತಳ ಹತ್ತಿ ಸೀದು ವಾಸನೆ ಬಂತು. ಅವ್ವ ಒಳಗಿನಿಂದ ಬೈದಳು. ನನಗೆ ಕೇಳಿಸಿದ್ದು ಒಂದೇ ಮಾತು: ನೆರಳು ಹೋಗುವುದಿಲ್ಲ. ಅಜ್ಜನ ಪುರಾಣ ಕೈಕಾಗದದ ಮೇಲೆ ಕೈಯಿಂದ ಬರೆದ ಪುಸ್ತಕ. ಅಜ್ಜನ ಅರ್ಧ ಹಾಳೆ ಅಗ್ಗದ ಗಿರಣಿ ಕಾಗದ. ಹದಿನಾರು ವರ್ಷ ಒಂದೇ ಪುಟದಲ್ಲಿ ಮಲಗಿತ್ತು. ಮಾವ ಹಾಳೆಯನ್ನು ತೆಗೆದಿದ್ದಾನೆ, ನೆರಳನ್ನು ಎಲ್ಲಿ ಒಯ್ಯುತ್ತಾನೆ? ಹಳೆಯ ಪುಸ್ತಕದಲ್ಲಿ ಕಂದು ಬಣ್ಣ ಕಂಡರೆ ಹಳತಾಗಿದೆ ಎಂದುಕೊಂಡಿರುತ್ತಾನೆ. ಆ ಕಂದಿಗೆ ಆಕಾರ ಇದೆಯೇ ಎಂದು ಯಾರು ನೋಡುತ್ತಾರೆ?

ಅವ್ವನಿಗೆ ಹೇಳಲಿಲ್ಲ. ಅವಳ ಮನಸ್ಸು ಮೆತ್ತಗೆ, ಅಣ್ಣನಿಗೆ ಹೋಗಿ ಹೇಳಿ ಬುದ್ಧಿ ಕಲಿ ಅಂದಾಳು. ಅವನು ಆ ಪುಟವನ್ನೇ ಹರಿದು ಒಲೆಗೆ ಹಾಕಿಯಾನು. ಶ್ರಾವಣಕ್ಕೆ ಇನ್ನೂ ಮೂರು ತಿಂಗಳಿತ್ತು. ಆ ಮೂರು ತಿಂಗಳು ನಾನು ಉಂಡ ಊಟ, ಮಾಡಿದ ನಿದ್ದೆ ಹಿಂದೆಂದೂ ಕಂಡಿರಲಿಲ್ಲ. ಮಾವ ಬಜಾರದಲ್ಲಿ ಎದುರು ಬಂದಾಗ ತಲೆ ಬಗ್ಗಿಸಿ, "ಶರಣ್ರಿ ಮಾಮಾ," ಎನ್ನುತ್ತಿದ್ದೆ. ಹುಡುಗಿಗೆ ಬುದ್ಧಿ ಬಂತು ಎಂದು ಅವನು ಯಾರ ಹತ್ತಿರವೋ ಹೇಳಿದನಂತೆ. ನನ್ನ ಬುದ್ಧಿ ನಿನಗೆ ಶ್ರಾವಣದಲ್ಲಿ ಗೊತ್ತಾಗುತ್ತದೆ, ಇರು.

ಪುರಾಣಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಯಾರೂ ಬೇಡ ಎನ್ನುವುದಿಲ್ಲ. ಕೊನೆಯ ದಿನ ಮುಂಜಾನೆ ನಾನು ತಲೆಮೇಲೆ ನೀರು ಹಾಕಿಕೊಂಡು, ಅವ್ವನ ಕೈ ಹಿಡಿದು ಮಾವನ ಪಡಸಾಲೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಅಜ್ಜನಿಲ್ಲದ್ದರಿಂದ ಈ ಸಲ ಅಯ್ಯನವರೇ ಓದುವವರು. ಹೋದ ಸಲದ ನಾಲ್ವರು ಹಿರಿಯರೂ ಇದ್ದರು, ದಂಡೋತಿಯ ಮುದುಕನೂ ಸೇರಿ. ಓಣಿಗೆ ಓಣಿಯೇ ತುಂಬಿತ್ತು. ಮಾವ ಹೊಸ ರುಮಾಲು ಸುತ್ತಿ ಓಡಾಡುತ್ತಿದ್ದ.

ಕೊನೆಯ ಅಧ್ಯಾಯ ತೆರೆಯಿತು. ಚಹಾದ ಕಾಗದವನ್ನು ಅಯ್ಯನವರು ತೆಗೆದು ಪಕ್ಕಕ್ಕಿಟ್ಟರು. ನಾನು ಕುತ್ತಿಗೆ ಉದ್ದ ಮಾಡಿ ನೋಡಿದೆ. ಎರಡು ಪುಟಗಳ ಮೇಲೆ ಎರಡು ಕಂದು ನೆರಳು, ನನ್ನನ್ನೇ ಕಾದು ಕೂತಂತೆ.

ಓದು ಮುಗಿಯುವತನಕ ಬಾಯಿ ಬಿಡಲಿಲ್ಲ. ಮಂಗಲ ಮುಗಿದು, ಕಾಗದವನ್ನು ಮತ್ತೆ ಒಳಗಿಡಲು ಅಯ್ಯನವರು ಕೈ ಎತ್ತಿದಾಗ ಎದ್ದು ನಿಂತೆ.

"ಅಯ್ಯನೋರ, ಮಾಮಾಗ ಒಂದ್ ಮಾತು ಕೇಳ್ಲೇನ್ರಿ?"

"ಕೇಳವ್ವಾ."

"ಮಾಮಾ, ಈ ಕಾಗದ ಇದೇ ಪುಟದಾಗೇ ಇತ್ತೇನ್ರಿ? ಎಷ್ಟು ವರ್ಷದಿಂದ ಅದ?"

"ಬಂತ್ ನೋಡ್ರಿ ನಾಯಿ, ಮತ್ ಮೂಸಾಕ," ಎಂದ ಮಾವ. ಜನ ನಕ್ಕರು. ನಗುವಷ್ಟು ನಗಲಿ ಎಂದು ಬಿಟ್ಟೆ. ಆ ನಗುವೇ ಅವನನ್ನು ಮುಂದಕ್ಕೆ ತಂದಿತು. "ಹದಿನಾರು ವರ್ಷ ಆಯ್ತು. ಇದೇ ಪುಸ್ತಕ, ಇದೇ ಪುಟ. ಅಪ್ಪ ಇಟ್ಟ ಜಾಗಾ ಬಿಟ್ಟು ಅಳಗಾಡಿಲ್ಲ. ಕೈ ಇಟ್ಟು ಹೇಳ್ಲೇನು?"

"ಹೇಳ್ರಿ ಮಾಮಾ."

ಹೇಳಿದ. ತೆರೆದ ಪುರಾಣದ ಮೇಲೆ ಬಲಗೈ ಇಟ್ಟು, ಎಲ್ಲರ ಮುಂದೆ, ಜೋರಾಗಿ ಹೇಳಿದ. ಅವನ ಅಂಗೈ ಬಿದ್ದದ್ದು ಸರಿಯಾಗಿ ಆ ನೆರಳಿನ ನಡುವೆ. ಈಗಲೂ ಕಣ್ಣು ಮುಚ್ಚಿದರೆ ಆ ಕೈ ಕಾಣುತ್ತದೆ, ಕಲ್ಲಿನ ಧೂಳು ಕೂತ ಉಗುರು ಸಹಿತ. ನಾನು ಅವಸರ ಮಾಡಲಿಲ್ಲ. ಪೂರ್ತಿ ಹೇಳಿ ಮುಗಿಸಲಿ ಎಂದು ಕಾದೆ.

"ಈಗ ಕೈ ತಗೀರಿ ಮಾಮಾ," ಎಂದೆ. "ಅಯ್ಯನೋರ, ನಿಮ್ಮ ಕೈಯಾಗಿನ ಕಾಗದ ಈ ಕಂದು ಕಲಿ ಮ್ಯಾಲ ಇಟ್ಟು ನೋಡ್ರಿ. ಗಿರಣಿ ಕಾಗದ ಹದಿನಾರು ವರ್ಷ ಮಲಗಿದ್ರ ತನ್ನ ನೆರಳು ಬಿಡ್ತದ. ಕಚೇರಿ ದಫ್ತರದಾಗ ದಿನಾ ನೋಡ್ಲಿಕತ್ತೀನಿ."

ಅಯ್ಯನವರು ಕಾಗದ ಇಟ್ಟರು. ಅದು ಕಲೆಯನ್ನು ಮುಚ್ಚಿ, ಇನ್ನೂ ಅಷ್ಟೇ ಅಗಲ ಹೊರಗೆ ಚಾಚಿತು. ಎತ್ತಿದರು. ಮತ್ತೆ ಇಟ್ಟರು. ಆಮೇಲೆ ಪುಸ್ತಕವನ್ನೇ ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಮೊದಲು ಕಂಡದ್ದು ದಂಡೋತಿಯ ಮುದುಕನಿಗೆ.

"ಯಪ್ಪಾ! ಇಲ್ಲಿ ನೋಡ್ರೋ, ಮೂಲಿ ಇಲ್ಲ! ಕೂಸು ತಿಂದ ಮೂಲಿ ಇಲ್ಲ ಇದಕ್ಕ!"

ಹೌದು. ಅರ್ಧ ಹಾಳೆಯ ನೆರಳು, ಬಲಗಡೆಯ ಮೂಲೆಯಲ್ಲಿ ಪುಟ್ಟ ಹಲ್ಲಿಲ್ಲದ ಬಾಯಿ ಕಚ್ಚಿದಂತೆ ಬೆಳ್ಳಗೆ. ಎದುರಿನ ಪುಟದಲ್ಲಿಯೂ ಹಾಗೆಯೇ, ಕನ್ನಡಿಯಲ್ಲಿ ಕಂಡಂತೆ ಎಡಗಡೆಗೆ. ಅವ್ವ ಸೆರಗು ಬಾಯಿಗೆ ಹಿಡಿದಳು. ಮೂಲೆ ತೋರಿಸು ಅಂದಿದ್ದನಲ್ಲ. ತೋರಿಸಿದೆ.

"ಮೂಲಿ ಹರ್ದ ಕಾಗದ ಎಲ್ಲದ?" ಅಯ್ಯನವರು ಮಾವನನ್ನು ಕೇಳಿದರು.

ಮಾವ ರುಮಾಲು ಸರಿಮಾಡಿಕೊಂಡ. "ನನಗೇನ್ ಗೊತ್ತದ್ರಿ... ಯಾವುದೋ ಹಳೇದು..."

"ಹಂಗಾದ್ರ ಇನ್ನೊಮ್ಮೆ ಕೈ ಇಡು. ಅಂಥಾ ಕಾಗದ ಎಂದೂ ನೋಡಿಲ್ಲ ಅಂತ ಹೇಳು."

ಕೈ ಎತ್ತಿದ. ನೆರಳಿನ ಮೇಲೆ ಒಂದು ಗೇಣು ಎತ್ತರದಲ್ಲಿ ಅದು ನಿಂತಿತು. ಕೆಳಗೆ ಇಳಿಯಲಿಲ್ಲ. ಎಷ್ಟೋ ಹೊತ್ತು ಹಾಗೇ ಇತ್ತು. ಆಮೇಲೆ ಅದೇ ಕೈಯನ್ನು ಸೊಂಟಕ್ಕೆ ಒಯ್ದು, ಉಡುದಾರದಿಂದ ನಮ್ಮ ಮನೆಯ ಕೀಲಿಕೈ ಬಿಚ್ಚಿ ಕೆಳಗಿಟ್ಟ.

"ಆಳು ಕಳಿಸಿ ಇವರ ಸಾಮಾನು ಹೊರಿಸಿಬಿಡು," ಎಂದರು ಅಯ್ಯನವರು.

"ಆಳು ಬ್ಯಾಡ್ರಿ," ಎಂದೆ ನಾನು. "ಗಡಿಗಿ, ಕೌದಿ ನಾವೇ ಒಯ್ತೀವಿ. ಬೀಸೋ ಕಲ್ಲು ಹೊರಗ ದೂಡಿದವ್ರೇ ಒಳಗ ತರ್ಲಿ."

ಅವ್ವ ನನ್ನ ರಟ್ಟೆ ಹಿಡಿದು, "ಸಾಕ್ ಬಿಡ ಮಗಾ, ಅಣ್ಣ ಅದಾನ," ಎಂದಳು. ಸಾಕಾಗಿರಲಿಲ್ಲ. ಕಲ್ಲು ಚಾಚಾನ ಅಂಗಡಿಯ ಹಿಂದಿತ್ತು. ಮಾವ ಹೊಸ ರುಮಾಲನ್ನು ಸಿಂಬಿ ಮಾಡಿ, ಕಲ್ಲನ್ನು ತಲೆಗೇರಿಸಿ, ಹಾಡುಹಗಲು ಬಜಾರದ ನಡುವೆ ನಡೆದ. ನಾನು ಬೆನ್ನಿಗೇ ನಡೆದೆ. ಪಾನಿನ ಅಂಗಡಿಯವನು ಎದ್ದು ನಿಂತು ನೋಡಿದ. ಚಾಚಾ ಅಂಟಿನ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, "ಸಂಭಾಳಕೇ, ಸಾಹುಕಾರ್ರೇ, ಕಲ್ಲಿನ ಯಾಪಾರ ನಿಮಗ ಹೊಸದಲ್ಲ ಅಲ್ರೀ!" ಎಂದ. ಒಳಗೆ ಬಂದು ಮಾವ ಕಲ್ಲನ್ನು ಗೋಡೆಯ ಬದಿಗೆ ಇಳಿಸಿದ. "ಅಲ್ಲಲ್ರಿ ಮಾಮಾ, ಒಲಿ ಬಾಜು," ಎಂದೆ. ಎತ್ತಿ ಒಲೆಯ ಬದಿಗೆ ಇಟ್ಟ. "ಅಡ್ಡ ಆಯ್ತು, ಸ್ವಲ್ಪ ಈಚೆ." ಅದನ್ನೂ ಮಾಡಿದ. ಅವ್ವ ಸೆರಗಿನಿಂದ ಗೂಟದ ಚೂರು ಬಿಚ್ಚಿ ಒಲೆಯ ಮೇಲಿಟ್ಟಳು.

ಪುಸ್ತಕ ಇನ್ನು ತಂಗಿಯ ಮನೆಯಲ್ಲಿ ಇರಲಿ ಎಂದು ಅಯ್ಯನವರು ಹೇಳಿದರು. ಅಂದಿನಿಂದ ಶ್ರಾವಣದ ಓದು ನಮ್ಮ ಎರಡು ಅಂಕಣದಲ್ಲಿ. ಮಾವ ಬರದಿದ್ದರೆ ಜನ ಆಡಿಕೊಳ್ಳುತ್ತಿದ್ದರು, ಆದ್ದರಿಂದ ಬರಲೇಬೇಕಾಯಿತು. ಕೊನೆಯ ದಿನ ಅವನಿಗೆಂದು ನಾನೇ ಚಾಪೆ ಹಾಸುತ್ತಿದ್ದೆ, ವ್ಯಾಸಪೀಠದ ಎದುರಿಗೇ. ಆ ಪುಟ ಬಂದಾಗ ಪೀಠವನ್ನು ಒಂದಿಷ್ಟು ಅವನ ಕಡೆ ತಿರುಗಿಸುತ್ತಿದ್ದೆ. ನಾಲ್ಕು ಶ್ರಾವಣ ಹೀಗೇ ನಡೆಯಿತು.

ಹೈದರಾಬಾದ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದ ವರ್ಷದ ಶ್ರಾವಣದಲ್ಲಿ ಅವನು ಬರಲಿಲ್ಲ. ಅವನ ಹೆಂಡತಿ, ನನ್ನ ಅತ್ತೆ, ಒಬ್ಬಳೇ ಬಂದಳು. ಚಿಂಚೋಳಿಯ ಆಚೆ, ತೆಲುಗಿನ ಗಡಿಯ ಹೆಣ್ಣು, ಮೆಲ್ಲಗೆ ಮಾತಾಡುವವಳು. ಜನ ಎದ್ದು ಹೋದ ಮೇಲೆ ಕುಪ್ಪಸದಿಂದ ಜರ್ದಾದ ಚಪ್ಪಟೆ ಡಬ್ಬಿ ತೆಗೆದು ನನ್ನ ಕೈಗಿಟ್ಟಳು.

"ತೊಗೋ ತಲ್ಲಿ. ಸುಡ್ತೀನಿ ಅಂತ ಮೂರ್ ಸರ್ತಿ ಒಲಿ ಮುಂದ ಕುಂತಾನ. ಅಪ್ಪನ ಅಕ್ಷರ ನೋಡಿ ಕೈ ಬರ್ಲಿಲ್ಲ. ಈಗ ಮೈಯಾಗ ಆರಾಮಿಲ್ಲ, ನೀನೇ ಕೊಟ್ ಬಾ ಅಂದ."

ಡಬ್ಬಿ ತೆರೆದೆ. ಮೇಲೆ ಜರ್ದಾದ ಘಾಟು, ಅದರ ಕೆಳಗೆ ಹುಳಿಯೊಡೆದ ಹುಗ್ಗಿ, ಆಮೇಲೆ ಬಾದಾಮಿಯ ಕಹಿ. ಕಣ್ಣು ಮುಚ್ಚಿಯೇ ಹೇಳಿದ್ದೆ, ಇಪ್ಪತ್ತು ವರ್ಷ. ಮಡಿಕೆ ಬಿಚ್ಚಿದಾಗ ಅಜ್ಜನ ಕೈಬರಹ, ಮೂಲೆಯಿಲ್ಲದ ಅರ್ಧ ಹಾಳೆ. ಪುಟ ತೆರೆದು ನೆರಳಿನ ಮೇಲಿಟ್ಟೆ. ಅಂಚಿಗೆ ಅಂಚು ಕೂತಿತು, ನಾನು ತಿಂದ ಜಾಗದ ಸಹಿತ. ಅವ್ವ ಜೋರಾಗಿ ಅತ್ತಳು. ಮನೆ ಹೊರಗೆ ಬಿದ್ದ ದಿನ ಬಾರದ ಅಳುವೆಲ್ಲ ಅವತ್ತು ಬಂತು. ಅತ್ತೆ ಹೋಗುವಾಗ, "ಅವನಿಗಿ ಏನ್ ಹೇಳ್ಲಿ?" ಎಂದು ಕೇಳಿದಳು.

ನನಗೆ ಕರುಣೆ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. "ಮುಂದಿನ ಶ್ರಾವಣಕ್ಕ ಚಾಪಿ ಹಾಸಿರ್ತೀನಿ ಅಂತ ಹೇಳ್ರಿ," ಎಂದೆ. ಅವನು ಬಂದ. ಅದರ ಮುಂದಿನದಕ್ಕೂ ಬಂದ.

ಆ ಪುಸ್ತಕ ಈಗಲೂ ಈ ಮನೆಯಲ್ಲಿದೆ. ಮೊನ್ನೆ ಮೊಮ್ಮಗಳಿಗೆಂದು, ಶ್ರಾವಣವಲ್ಲದಿದ್ದರೂ, ಗಂಟು ಬಿಚ್ಚಿದೆ. ಅವಳು ಕೈಗೆ ಬಿಳಿ ಚೀಲ ಹಾಕಿಕೊಂಡು, ಉಸಿರು ಹಿಡಿದು ಪುಟ ತಿರುವಿದಳು. ನೆರಳು ನೋಡಿ ಅವಳ ಮುಖ ಹೇಗೆ ಅರಳಿತು ಅಂತೀರಿ! ಕಟ್ಟಿಗೆಯ ಕಾಗದದಲ್ಲಿ 'ಲಿಗ್ನಿನ್' ಎಂಬುದು ಇರುತ್ತದಂತೆ. ಅದು ಒಡೆಯುತ್ತ ಹುಗ್ಗಿಯ ವಾಸನೆ ಬಿಡುತ್ತದೆ. ಜೊತೆಗೆ ಹುಟ್ಟುವ ಹುಳಿ ಪಕ್ಕದ ಹಾಳೆಗೆ ಹತ್ತಿ ಅದನ್ನೂ ಕಂದಾಗಿಸುತ್ತದೆ. ಚಾಚಾ ಹೇಳಿದ್ದೇ ಇದು. ಅವನಿಗೆ ಯಂತ್ರವಿರಲಿಲ್ಲ, ಮೂಗಿತ್ತು.

"ಆದ್ರ ಅಜ್ಜಿ," ಎಂದಳು, "ಈ ಹಾಳಿ ಇಲ್ಲಿಂದ ತಗೀಬೇಕು. ಇದರ ಆಮ್ಲ ಪುಸ್ತಕಾನ ತಿನ್ಲಿಕತ್ತದ. ಹುಳಿ ಹೀರೋ ಕಾಗದ ತಂದೀನಿ, ಅದರಾಗ ಸುತ್ತಿ ಬ್ಯಾರೆ ಇಡೋಣ. ಹಿಂಗೇ ಬಿಟ್ರ ಕಲಿ ಇನ್ನಾ ಕರ್ರಗಾಗ್ತದ."

"ಇನ್ನಾ ಕರ್ರಗಾಗ್ತದ?"

"ಹೂಂ. ವರ್ಷಾ ವರ್ಷಾ."

"ಖರೇ?"

"ಖರೇ ಅಜ್ಜಿ. ಕಡೀಕ ಆ ಪುಟ ಉದುರೇ ಹೋಗ್ತದ."

ಅವಳು ತಂದ ಕಾಗದ ಒಳ್ಳೆಯದು, ಬೆಳ್ಳಗೆ, ವಾಸನೆಯೇ ಇಲ್ಲ. ಅದನ್ನು ಮಡಚಿ ಅವಳ ಕೈಗೇ ಕೊಟ್ಟೆ. ಅಜ್ಜನ ಅರ್ಧ ಹಾಳೆಯನ್ನು ನೆರಳಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟೆ. ಹುಡುಗಿ ಹಣೆ ಚಚ್ಚಿಕೊಂಡು, "ಎಂಥಾ ಹಠಮಾರಿ ಅದಿ! ಸತ್ತು ಹೋದವನ ಮ್ಯಾಲ ಇನ್ನಾ ಸಿಟ್ಟೇನು? ಕಾಗದ ತಿಂದಾಕಿ!" ಎಂದಳು. ಅವ್ವ ಬೈಯುತ್ತಿದ್ದ ಮಾತು ಅವಳಿಗೆ ಯಾರು ಕಲಿಸಿದರೋ. ನಕ್ಕು ನಕ್ಕು ನನಗೆ ಕಣ್ಣೀರು ಬಂತು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿಯಾಗಿ ಬೀಳಲೆಂದು ಅವಳ ಬೆರಳನ್ನು ನಡುವೆ ಒತ್ತಿ ಹಿಡಿಸಿ, ಎರಡು ಸುತ್ತು ಕಟ್ಟಿದೆ.